ಮಗುಚಿ ನೋಡಿದಾಗ

ಒಂದು ಮೇಜನ್ನು ಕಣ್ಣಮುಂದೆ ತಂದುಕೊಳ್ಳಿ. ಅದರ ಮೇಲೊಂದು ದೀಪ, ಪಕ್ಕದಲ್ಲಿ ಭೂತಗನ್ನಡಿ, ಚಿಮ್ಮಟ, ಸಣ್ಣ ಅರ, ಬೆಸುಗೆಯ ಸಾಮಾನು. ದಿನದ ಕೆಲಸ ಮುಗಿಸಿ ಬಂದ ಒಬ್ಬ ಮನುಷ್ಯ ಆ ಬೆಳಕಿನಲ್ಲಿ ಬಾಗಿ ಕುಳಿತಿದ್ದಾನೆ. ಅವನ ಎಡಗೈಯಲ್ಲಿ ಅಂಗೈಯಷ್ಟೇ ಉದ್ದದ ಒಂದು ಹಳೆಯ ಕಾಲದ ರೈಲು ಬೋಗಿ ಚಕ್ರ ಮೇಲಾಗಿ ಮಲಗಿದೆ. ಕೂದಲಿಗಿಂತ ಸ್ವಲ್ಪವೇ ದಪ್ಪನಾದ ಹಿತ್ತಾಳೆಯ ತಂತಿಯೊಂದನ್ನು ಅವನು ಅದರ ಅಡಿಭಾಗಕ್ಕೆ ಬೆಸೆಯುತ್ತಿದ್ದಾನೆ. ಅದು ಬ್ರೇಕಿನ ಕೊಳವೆ. ಅದರೊಳಗೆ ಏನೂ ಹರಿಯುವುದಿಲ್ಲ. ಅದು ಯಾವ ಚಕ್ರವನ್ನೂ ತಡೆದು ನಿಲ್ಲಿಸುವುದಿಲ್ಲ. ಬೋಗಿಯನ್ನು ಹಳಿಯ ಮೇಲೆ ಇಟ್ಟ ಕ್ಷಣದಿಂದ ಅದು ಯಾರ ಕಣ್ಣಿಗೂ ಬೀಳುವುದೂ ಇಲ್ಲ. ಆದರೂ ತಂತಿ ಎಳ್ಳಷ್ಟು ಓರೆಯಾಯಿತೆಂದು ಅವನು ಅದನ್ನು ಕಿತ್ತು ಮತ್ತೊಮ್ಮೆ ಬೆಸೆಯುತ್ತಾನೆ.

ಐರ್ಲೆಂಡಿನ ರೈಲು ವ್ಯಾಗನ್‌ಗಳನ್ನೂ ಬೋಗಿಗಳನ್ನೂ ಕಿರಿದಾಗಿ ತಯಾರಿಸುವ ಹವ್ಯಾಸಿಗಳ ಮನೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಹೊರಗಿನಿಂದ ನೋಡುವವರಿಗೆ ನಗು ಬರಬಹುದು. ಬೆಳೆದ ಮನುಷ್ಯನಿಗೆ ಇಂಥ ಆಟಿಕೆಯ ಗೀಳೇಕೆ ಎಂದು ಕೇಳಬಹುದು. ಆದರೆ ನಕ್ಕು ಮುಂದೆ ಸಾಗುವ ಮುನ್ನ, ಈ ದೃಶ್ಯದೊಳಗೆ ಅಡಗಿರುವ ಒಂದು ಹಳೆಯ ಪ್ರಶ್ನೆಯನ್ನು ನಾವು ಎದುರಿಸಬೇಕಾಗಿದೆ. ಯಾರೂ ನೋಡದ ಕಡೆಯಲ್ಲಿಯೂ ನಾವು ಸತ್ಯವಾಗಿರಬೇಕೇ? ಇರಬೇಕೆಂದಾದರೆ ಯಾರಿಗಾಗಿ, ಏತಕ್ಕಾಗಿ?

ಅಳತೆಯ ಕಥೆ

ಮೊದಲು ಈ ಹವ್ಯಾಸದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಐರ್ಲೆಂಡಿನ ಮೊದಲ ರೈಲುಮಾರ್ಗ ಡಬ್ಲಿನ್ ನಗರದಿಂದ ಸಮೀಪದ ಕಿಂಗ್ಸ್‌ಟೌನ್ ಬಂದರಿಗೆ 1834ರಲ್ಲಿ ತೆರೆಯಿತು. ಅದರ ಎರಡು ಹಳಿಗಳ ನಡುವಿನ ಅಂತರ 4 ಅಡಿ 8½ ಅಂಗುಲ. 1839ರಲ್ಲಿ ಉತ್ತರದ ಬೆಲ್‌ಫಾಸ್ಟ್‌ನಿಂದ ಹೊರಟ ಅಲ್ಸ್ಟರ್ ರೈಲ್ವೆ 6 ಅಡಿ 2 ಅಂಗುಲವನ್ನು ಆರಿಸಿಕೊಂಡಿತು. 1844ರಲ್ಲಿ ಆರಂಭವಾದ ಡಬ್ಲಿನ್–ಡ್ರೊಹೆಡಾ ಮಾರ್ಗ 5 ಅಡಿ 2 ಅಂಗುಲದ್ದು. ಪುಟ್ಟ ದ್ವೀಪವೊಂದರಲ್ಲಿ ಮೂರು ಕಂಪನಿಗಳು, ಮೂರು ಅಳತೆಗಳು! ಈ ಮಾರ್ಗಗಳು ಒಂದನ್ನೊಂದು ಸಂಧಿಸಿದಾಗ ಒಬ್ಬರ ವ್ಯಾಗನ್ ಇನ್ನೊಬ್ಬರ ಹಳಿಯ ಮೇಲೆ ಒಂದು ಗಜವೂ ಸಾಗಲಾರದು. ಸರಕಾರದ ರೈಲ್ವೆ ಪರಿವೀಕ್ಷಕರಾಗಿದ್ದ ಮೇಜರ್ ಜನರಲ್ ಪಾಸ್ಲಿ ಅವರು ಎಲ್ಲರ ಅಭಿಪ್ರಾಯಗಳನ್ನು ಕೇಳಿ ನಡುವಿನ ಒಂದು ಅಳತೆಯನ್ನು ಸೂಚಿಸಿದರು. 1846ರ ಕಾಯಿದೆ ಅದನ್ನೇ ಖಾಯಂ ಮಾಡಿತು. ಅದು 5 ಅಡಿ 3 ಅಂಗುಲ, ಅಂದರೆ 1600 ಮಿಲಿಮೀಟರು. ನಮ್ಮ ದೇಶದ ಬ್ರಾಡ್‌ಗೇಜಿಗಿಂತ ಮೂರು ಅಂಗುಲ ಕಡಿಮೆ. ಆ ಮೂರು ಕಂಪನಿಗಳಲ್ಲಿ ಯಾವುದೊಂದರ ಅಳತೆಯೂ ಅದಾಗಿರಲಿಲ್ಲ. ಆದ್ದರಿಂದಲೇ ಪ್ರಾಯಶಃ ಅದು ಎಲ್ಲರದೂ ಆಯಿತು.

ಈಗ ಹವ್ಯಾಸಿಯ ಮೇಜಿಗೆ ಬರೋಣ. ಇವರಲ್ಲಿ ಹಲವರು ಅನುಸರಿಸುವ ಪ್ರಮಾಣದಲ್ಲಿ ನಿಜವಾದ ಒಂದು ಅಡಿಗೆ 4 ಮಿಲಿಮೀಟರು. 16 ಅಡಿಯ ಸರಕು ವ್ಯಾಗನ್ 64 ಮಿಲಿಮೀಟರು ಉದ್ದವಾಗುತ್ತದೆ. 60 ಅಡಿಯ ಪ್ರಯಾಣಿಕರ ಬೋಗಿ 240 ಮಿಲಿಮೀಟರು. ಅದೇ ಲೆಕ್ಕದಲ್ಲಿ ಐರಿಷ್ ಹಳಿಯ ಅಗಲ ಸರಿಯಾಗಿ 21 ಮಿಲಿಮೀಟರು ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಹಳಿಗಳ ಅಗಲ 16.5 ಮಿಲಿಮೀಟರು ಮಾತ್ರ. ಬ್ರಿಟನ್ನಿನಲ್ಲಿ ಈ ಬಗೆಯ ಆಟಿಕೆ ರೈಲುಗಳು ಬಂದ ಕಾಲದಲ್ಲಿ ಪುಟ್ಟ ಎಂಜಿನ್ನಿನೊಳಗೆ ಅಂದಿನ ಮೋಟಾರು ಹಿಡಿಸುತ್ತಿರಲಿಲ್ಲ. ಹೀಗಾಗಿ ಮೇಲಿನ ದೇಹವನ್ನು ತುಸು ಹಿಗ್ಗಿಸಿ ಹಳಿಯನ್ನು ಇದ್ದಂತೆಯೇ ಬಿಟ್ಟರು. ಆ ಹಳಿಯ ಮೇಲೆ ಐರಿಷ್ ಬೋಗಿಯನ್ನು ನಿಲ್ಲಿಸಿದರೆ, ಅದು ಒಂದು ಅಡಿಗೂ ಹೆಚ್ಚು ಇಕ್ಕಟ್ಟಾದ ದಾರಿಯಲ್ಲಿ ನಡೆದಂತಾಗುತ್ತದೆ. ದಪ್ಪ ಮನುಷ್ಯನೊಬ್ಬ ಮಗುವಿನ ಚಪ್ಪಲಿ ಮೆಟ್ಟಿದ ಹಾಗೆ.

ಆದ್ದರಿಂದ ಹವ್ಯಾಸಿಯ ಮುಂದೆ ಎರಡು ದಾರಿಗಳಿವೆ. ಸಿದ್ಧ ಹಳಿ, ಸಿದ್ಧ ಚಕ್ರಗಳನ್ನು ಕೊಂಡು ಅದೇ ಸಂಜೆ ರೈಲು ಓಡಿಸುವುದು ಒಂದು. 21 ಮಿಲಿಮೀಟರಿನ ಹಳಿಯನ್ನೂ, ಅದಕ್ಕೊಪ್ಪುವ ಅಚ್ಚು ಮತ್ತು ಅಡಿಗಟ್ಟನ್ನೂ ತಾನೇ ಕೂಡಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ ಸಂಜೆಗಳು ಸಾಲವು, ವರ್ಷಗಳೇ ಬೇಕು.

ಹಾಗಾದರೆ ಮೊದಲ ದಾರಿ ಹಿಡಿದವನು ಸುಳ್ಳುಗಾರನೇ? ಖಂಡಿತವಾಗಿಯೂ ಅಲ್ಲ. ತನ್ನ ಹಳಿಯ ಅಗಲ ಸರಿಯಿಲ್ಲವೆಂದು ಅವನಿಗೆ ಗೊತ್ತು; ಕೇಳಿದವರಿಗೆ ಹೇಳುತ್ತಾನೆ ಕೂಡ. ಐರಿಷ್ ಬೋಗಿಗಳ ಮಾದರಿಗಳು ಅಂಗಡಿಗಳಲ್ಲಿ ವಿರಳವಾಗಿದ್ದ ಕಾಲದಲ್ಲಿ ಅನೇಕರು ಇಂಗ್ಲಿಷ್ ಬೋಗಿಗಳಿಗೇ ಐರಿಷ್ ಬಣ್ಣ ಬಳಿದು ತೃಪ್ತಿಪಟ್ಟುಕೊಂಡರು. ಅದರಲ್ಲಿಯೂ ದೋಷವಿಲ್ಲ. ಬಾಯಿಬಿಟ್ಟು ಒಪ್ಪಿಕೊಂಡ ರಾಜಿ ವಂಚನೆಯಲ್ಲ. ಐರ್ಲೆಂಡಿನ ಆ 5 ಅಡಿ 3 ಅಂಗುಲ ತಾನೇ ಒಂದು ರಾಜಿಯಲ್ಲವೇ? ರಾಜಿಯಿಲ್ಲದಿದ್ದರೆ ಒಬ್ಬರ ಮನೆಯ ಗಾಡಿ ಇನ್ನೊಬ್ಬರ ಅಂಗಳಕ್ಕೆ ಬಾರದು. ಸಂಸಾರದಲ್ಲಿಯೂ ಸಮಾಜದಲ್ಲಿಯೂ ಇದು ನಮಗೆ ತಿಳಿದ ಸಂಗತಿ. ವಂಚನೆ ಆರಂಭವಾಗುವುದು, ಸರಿಯಿಲ್ಲದ್ದನ್ನು ಸರಿಯೆಂದು ತೋರಿಸಿದಾಗ. ಎಲ್ಲವೂ ಪರಿಪೂರ್ಣವಾಗಿರಲಿ ಎಂದು ಸತ್ಯ ನಮ್ಮನ್ನು ಪೀಡಿಸುವುದಿಲ್ಲ. ನಾವು ಎಲ್ಲಿ ನಿಂತೆವೆಂಬುದನ್ನು ನಾವು ಅರಿತಿರಬೇಕು, ಮುಚ್ಚಿಡಬಾರದು. ಅದು ಕೇಳುವುದು ಇಷ್ಟನ್ನೇ.

ಹೀಗಿರುವಾಗ, ಕಾಣದ ಕೊಳವೆಗಾಗಿ ಕಣ್ಣು ನೋಯಿಸಿಕೊಳ್ಳುವ ಆ ಮನುಷ್ಯನ ಹಟಕ್ಕೆ ಏನು ಅರ್ಥ? ಇದನ್ನು ತಿಳಿಯಲು ನಾವು ಆ ಕೊಳವೆಯ ಚರಿತ್ರೆಯನ್ನೇ ಕೇಳಬೇಕು.

ಆರ್ಮಾದ ಇಳಿಜಾರು

1889ರ ಜೂನ್ 12. ಉತ್ತರ ಐರ್ಲೆಂಡಿನ ಆರ್ಮಾ ಪಟ್ಟಣದಿಂದ ಭಾನುವಾರ ಶಾಲೆಯ ಮಕ್ಕಳು, ಅವರ ತಂದೆತಾಯಿಗಳು, ಶಿಕ್ಷಕರು ಕಡಲ ತೀರದ ವಾರನ್‌ಪಾಯಿಂಟ್‌ಗೆ ವಿಹಾರಕ್ಕೆ ಹೊರಟರು. ರೈಲಿನಲ್ಲಿ 900ಕ್ಕೂ ಹೆಚ್ಚು ಮಂದಿ ತುಂಬಿದ್ದರು. ಟಿಕೆಟ್ ಇಲ್ಲದವರು ಹತ್ತದಿರಲೆಂದು ಬೋಗಿಗಳ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. ಊರು ದಾಟಿದೊಡನೆ ಕಡಿದಾದ ಏರು. ಭಾರ ಹೆಚ್ಚಾಗಿ ಎಂಜಿನ್ ಏರಿನ ತುದಿ ಮುಟ್ಟುವ ಮುನ್ನವೇ ನಿಂತುಬಿಟ್ಟಿತು. ರೈಲನ್ನು ಎರಡು ಭಾಗ ಮಾಡಿ, ಮುಂದಿನ ಕೆಲವು ಬೋಗಿಗಳನ್ನು ಮುಂದಿನ ನಿಲ್ದಾಣಕ್ಕೆ ಮುಟ್ಟಿಸಿ, ಉಳಿದವನ್ನು ಒಯ್ಯಲು ಮತ್ತೆ ಬರುವುದೆಂದು ಅಲ್ಲಿದ್ದ ಸಿಬ್ಬಂದಿ ತೀರ್ಮಾನಿಸಿದರು.

ಇಲ್ಲಿ ಬ್ರೇಕಿನ ಬಗೆಯನ್ನು ಗಮನಿಸಬೇಕು. ಆ ರೈಲಿಗೆ ಬ್ರೇಕ್ ಇತ್ತು, ಬೋಗಿಯಿಂದ ಬೋಗಿಗೆ ಕೊಳವೆಯೂ ಇತ್ತು. ಆದರೆ ಎಂಜಿನ್ ಆ ಕೊಳವೆಯಿಂದ ಗಾಳಿಯನ್ನು ಹೀರಿಕೊಂಡಾಗ ಮಾತ್ರ ಬ್ರೇಕ್ ಬಿಗಿಯುತ್ತಿತ್ತು. ಎಂಜಿನ್ನಿನಿಂದ ಬೇರ್ಪಟ್ಟ ಬೋಗಿಗಳಿಗೆ ಆ ಬ್ರೇಕ್ ಇದ್ದೂ ಇಲ್ಲದಂತೆ. ಹಿಂದಿನ ಹತ್ತು ಬೋಗಿಗಳನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲು ಉಳಿದದ್ದು ಕೊನೆಯ ಬೋಗಿಯ ಕೈಬ್ರೇಕು ಮತ್ತು ಚಕ್ರಗಳ ಹಿಂದೆ ಇಟ್ಟ ಕೆಲವು ಕಲ್ಲುಗಳು. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ಸರಿದು ಮೆಲ್ಲನೆ ತಾಕಿತು. ಕಲ್ಲುಗಳು ನುಚ್ಚುನೂರಾದವು. ಹತ್ತು ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳತೊಡಗಿ, ವೇಗ ಹೆಚ್ಚುತ್ತ ಹೆಚ್ಚುತ್ತ, ಅದೇ ಹಳಿಯ ಮೇಲೆ ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು.

ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ, ಪ್ರಯಾಣಿಕರ ರೈಲುಗಳಿಗೆಲ್ಲ ತಾನಾಗಿ ಬಿಗಿಯುವ ಬ್ರೇಕನ್ನು ಕಡ್ಡಾಯಗೊಳಿಸಿತು. ಇದರ ತತ್ವ ಹಳೆಯದಕ್ಕೆ ತದ್ವಿರುದ್ಧ. ಇಲ್ಲಿ ಕೊಳವೆಯೊಳಗಿನ ನಿರ್ವಾತವೇ ಬ್ರೇಕನ್ನು ಸಡಿಲವಾಗಿ ಹಿಡಿದಿರುತ್ತದೆ. ಎಲ್ಲಿಯಾದರೂ ಕೊಂಡಿ ಕಳಚಿ ಕೊಳವೆ ಹರಿದರೆ ಗಾಳಿ ಒಳನುಗ್ಗುತ್ತದೆ. ಯಾರೂ ಕೈ ಹಾಕದೆಯೇ ಪ್ರತಿ ಬೋಗಿಯ ಬ್ರೇಕು ತಾನೇ ಬಿಗಿಯುತ್ತದೆ. ಈ ಜ್ಞಾನ ಆರ್ಮಾದ ದುರಂತಕ್ಕೆ ಮೊದಲೇ ಇತ್ತು. ಪರಿವೀಕ್ಷಕರು ಬಹುಕಾಲದಿಂದ ಒತ್ತಾಯಿಸುತ್ತಲೂ ಇದ್ದರು. ಅದು ಎಲ್ಲೆಡೆ ನಿಯಮವಾಗಲು ಮಕ್ಕಳ ಪ್ರಾಣ ಬೇಕಾಯಿತು.

ಪ್ರಿಯ ಓದುಗರೇ, ನಮ್ಮ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿ ಸಿಗುತ್ತದೆ. ನಮ್ಮ ಪ್ರಾಮಾಣಿಕತೆಯೂ ಈ ಎರಡರಲ್ಲಿ ಒಂದು ಬಗೆಯದ್ದಾಗಿರುತ್ತದೆ. ಮೇಲಧಿಕಾರಿ ನೋಡುತ್ತಿರುವಾಗ, ಮನೆಯ ಹಿರಿಯರು ಎದುರಿಗಿರುವಾಗ, ಊರ ಜನರ ಕಣ್ಣು ನಮ್ಮ ಮೇಲಿರುವಾಗ ಬಿಗಿಯುವ ಪ್ರಾಮಾಣಿಕತೆ ಒಂದು. ಅದು ಸುಳ್ಳಲ್ಲ, ಸಮತಟ್ಟಾದ ನೆಲದಲ್ಲಿ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಎಂಜಿನ್ ದೂರ ಹೋದ ಮೇಲೆ, ಇಳಿಜಾರಿನಲ್ಲಿ ನಾವು ಒಂಟಿಯಾಗಿ ನಿಂತಾಗ ಅದು ಹಿಡಿಯಲಾರದು. ಆಗ ನೆಪಗಳೆಂಬ ಕಲ್ಲುಗಳನ್ನು ಚಕ್ರಕ್ಕೆ ಒಡ್ಡುತ್ತೇವೆ. ಸಣ್ಣದೊಂದು ತಾಕುವಿಕೆಗೆ ಅವು ಪುಡಿಯಾಗುತ್ತವೆ. ಇನ್ನೊಂದು ಬಗೆಯ ಪ್ರಾಮಾಣಿಕತೆ, ನೋಡುವವರ ಕೊಂಡಿ ಕಳಚಿದೊಡನೆ ತಾನಾಗಿ ಬಿಗಿಯುವಂಥದ್ದು. ಅದನ್ನು ದುರಂತದ ದಿನ ಕೂಡಿಸಲಾಗುವುದಿಲ್ಲ. ನಿಲ್ದಾಣದಲ್ಲಿ ನಿಶ್ಚಿಂತೆಯಿಂದ ನಿಂತಿರುವಾಗಲೇ, ಬೋಗಿಯ ಅಡಿಯಲ್ಲಿ, ಯಾರ ಮೆಚ್ಚುಗೆಯೂ ಇಲ್ಲದ ಜಾಗದಲ್ಲಿ ಅದನ್ನು ಅಳವಡಿಸಿರಬೇಕು.

ಹವ್ಯಾಸಿಯ ಹಿತ್ತಾಳೆ ತಂತಿ ಯಾರ ಪ್ರಾಣವನ್ನೂ ಉಳಿಸುವುದಿಲ್ಲ, ನಿಜ. ಆದರೆ ಅದನ್ನು ಬೆಸೆಯುವವನಿಗೆ ಆ ಕೊಳವೆ ಏಕಿದೆ, ಯಾವಾಗ ಬಂತು ಎಂಬುದು ತಿಳಿದಿರುತ್ತದೆ. 1880ರ ಬೋಗಿಗೆ ಒಂದು ಬಗೆಯ ಅಡಿಭಾಗ, 1890ರದಕ್ಕೆ ಇನ್ನೊಂದು. ನಡುವೆ ಇರುವುದು ಆರ್ಮಾ.

ಯಾರೂ ಚಿತ್ರ ತೆಗೆಯದ ವ್ಯಾಗನ್

ಈ ಹವ್ಯಾಸಿಗಳಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ರೈಲೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಎಂಜಿನ್. ಹಿಂದಿನ ಕಾಲದಲ್ಲಿ ಕ್ಯಾಮೆರಾ ಹಿಡಿದವರೂ ಎಂಜಿನ್ನಿನ ಚಿತ್ರವನ್ನೇ ತೆಗೆದರು. ದನಗಳನ್ನು, ಗೊಬ್ಬರವನ್ನು, ಸಿಮೆಂಟನ್ನು ಹೊತ್ತ ವ್ಯಾಗನ್‌ಗಳು ಚಿತ್ರದ ಅಂಚಿನಲ್ಲಿ ಅರ್ಧ ತುಂಡಾಗಿ ಉಳಿದವು. ವ್ಯಾಗನ್ನನ್ನು ನಿಷ್ಠೆಯಿಂದ ರೂಪಿಸಬೇಕೆನ್ನುವವನು ಇಂಥ ಚಿತ್ರಗಳ ಅಂಚುಗಳನ್ನೇ ಹುಡುಕುತ್ತ ಕೂರಬೇಕು. ಹಳೆಯ ದನದ ವ್ಯಾಗನ್‌ಗಳ ಹಲಗೆಗಳ ಮೇಲೆ ಸುಣ್ಣದ ಬಿಳಿ ಗೆರೆಗಳು ಇಳಿದಿರುತ್ತಿದ್ದವು. ರೋಗ ಹರಡದಂತೆ ಅವುಗಳಿಗೆ ಸುಣ್ಣ ಬಳಿಯುತ್ತಿದ್ದರು. ಆ ಗೆರೆಗಳನ್ನು ಸಣ್ಣ ಕುಂಚದಿಂದ ಬಿಡಿಸುವವನು ಒಂದು ಜಾತ್ರೆಯ ದಿನವನ್ನೂ, ಯಾರೋ ರೈತನ ವರ್ಷದ ದುಡಿಮೆಯನ್ನೂ ನೆನೆಯುತ್ತಾನೆ.

ಐರಿಷ್ ರೈಲ್ವೆ ಶ್ರೀಮಂತವಾಗಿರಲಿಲ್ಲ. ಸಕ್ಕರೆಯ ಬೀಟ್ ಗೆಡ್ಡೆ ಸಾಗಿಸಲು ಹೊಸ ವ್ಯಾಗನ್ ಕಟ್ಟಿಸುವ ಬದಲು, ಹಳೆಯ ಎರಡು ವ್ಯಾಗನ್ನುಗಳ ಮೈಯನ್ನು ಒಂದರ ಮೇಲೊಂದು ಇಟ್ಟು ಬೆಸೆದು ಎತ್ತರದ ಒಂದು ವ್ಯಾಗನ್ ಮಾಡಿಕೊಂಡರು. ನಮ್ಮ ತಾಯಂದಿರು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ಜಾಣ್ಮೆ ಅರ್ಥವಾಗದಿರದು. 2006ರಲ್ಲಿ ಮ್ಯಾಲೋ ಪಟ್ಟಣದ ಸಕ್ಕರೆ ಕಾರ್ಖಾನೆ ಮುಚ್ಚಿತು. ಆ ಗೆಡ್ಡೆಯ ರೈಲುಗಳೂ ನಿಂತವು. 1920ರ ಸುಮಾರಿಗೆ ಐದೂವರೆ ಸಾವಿರ ಕಿಲೋಮೀಟರಿನಷ್ಟಿದ್ದ ಆ ದ್ವೀಪದ ರೈಲುಜಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಇಲ್ಲ. ಹಲವು ವ್ಯಾಗನ್‌ಗಳು ಗುಜರಿಗೆ ಹೋದವು. ಮೂಲೆಯ ಮೇಜುಗಳ ಮೇಲೆ ಮಾತ್ರ ಅವುಗಳ ನೆನಪು ಉಳಿದಿದೆ. ದೊಡ್ಡವರನ್ನು ನೆನೆಯಲು ಪ್ರತಿಮೆಗಳಿವೆ. ಹೊರೆ ಹೊತ್ತು ಮಾಯವಾದವರನ್ನು ನೆನೆಯುವುದಕ್ಕೆ ಬೇರೆಯೇ ಒಂದು ತಾಳ್ಮೆ ಬೇಕು.

ಎರಡು ಆಕ್ಷೇಪಣೆಗಳು

ಇಷ್ಟೆಲ್ಲ ಹೇಳಿದ ಮೇಲೆ, ಇದಕ್ಕೆ ಎದುರಾಗುವ ಮಾತುಗಳನ್ನೂ ಮುಚ್ಚಿಡಬಾರದು. ಲೋಕದಲ್ಲಿ ಹಸಿದವರಿರುವಾಗ, ಮನೆಯಲ್ಲಿ ಮಾತಿಗಾಗಿ ಕಾದಿರುವ ಮಕ್ಕಳಿರುವಾಗ ಸಾವಿರಾರು ಗಂಟೆಗಳನ್ನು ಪುಟ್ಟ ವ್ಯಾಗನ್ನಿಗೆ ಸುರಿಯುವುದು ನ್ಯಾಯವೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಕಾಣದ ಕೊಳವೆಯನ್ನು ನೆಟ್ಟಗೆ ಕೂರಿಸುವವನಿಗೆ ಪಕ್ಕದ ಕೋಣೆಯಲ್ಲಿ ಮಲಗಿರುವ ತಾಯಿಯ ಕೆಮ್ಮು ಕೇಳಿಸದಿದ್ದರೆ ಅವನ ನಿಷ್ಠೆ ನಿಷ್ಠೆಯಲ್ಲ, ತಪ್ಪಿಸಿಕೊಳ್ಳುವ ದಾರಿ. ನಿರ್ಜೀವ ವಸ್ತು ತಿರುಗಿ ಮಾತನಾಡುವುದಿಲ್ಲ, ನಮ್ಮಿಂದ ಕ್ಷಮೆ ಕೇಳುವುದಿಲ್ಲ. ಅದಕ್ಕೆ ನಿಷ್ಠರಾಗಿರುವುದು ಸುಲಭ. ಮನುಷ್ಯರಿಗೆ ನಿಷ್ಠರಾಗಿರುವುದು ಕಷ್ಟ. ಆದರೂ, ಮನುಷ್ಯನಿಗೆ ವಿಶ್ರಾಂತಿ ಬೇಕು. ಕೈಗೆ ಲಾಭವಿಲ್ಲದ ಕೆಲಸವೂ ಬೇಕು. ಮೇಜಿನಿಂದ ಎದ್ದಾಗ ಅವನು ಹೆಚ್ಚು ಸಹನೆಯುಳ್ಳವನಾಗಿದ್ದಾನೆಯೇ ಇಲ್ಲವೇ ಎಂಬುದೇ ಇಲ್ಲಿ ಒರೆಗಲ್ಲು.

ಎರಡನೆಯ ಆಕ್ಷೇಪಣೆ ಅಹಂಕಾರದ್ದು. ಈ ಹವ್ಯಾಸದಲ್ಲಿ ‘ರಿವೆಟ್ ಎಣಿಸುವವರು’ ಎಂಬ ಹಾಸ್ಯದ ಬಿರುದೊಂದು ಚಲಾವಣೆಯಲ್ಲಿದೆ. ಇನ್ನೊಬ್ಬನ ಬೋಗಿಯನ್ನು ಕೈಗೆತ್ತಿಕೊಂಡು, ಇಲ್ಲಿ ಒಂದು ಮೊಳೆ ಕಡಿಮೆ, ಅಲ್ಲಿ ಬಣ್ಣ ಒಂದು ಛಾಯೆ ಹೆಚ್ಚು ಎಂದು ತಪ್ಪು ಹುಡುಕುವವರಿಗೆ ಸಲ್ಲುವ ಹೆಸರು ಅದು. ಹತ್ತು ವರ್ಷದ ಹುಡುಗನೊಬ್ಬ ರಟ್ಟಿನಲ್ಲಿ ಮಾಡಿದ ಮೊದಲ ವ್ಯಾಗನ್ನನ್ನು ತಂದು ತೋರಿಸಿದಾಗ ಅವನಿಗೆ 21 ಮಿಲಿಮೀಟರಿನ ಪಾಠ ಹೇಳುವವನು ಅಳತೆಯನ್ನು ಗೆದ್ದು ಹುಡುಗನನ್ನು ಕಳೆದುಕೊಳ್ಳುತ್ತಾನೆ. ಕಾಣದ ಕಡೆಯ ಸತ್ಯವನ್ನು ನಾವು ನಮ್ಮಿಂದಲೇ ಕೇಳಿಕೊಳ್ಳಬೇಕು. ಇನ್ನೊಬ್ಬರ ಬೋಗಿಯನ್ನು ಮಗುಚಿ ನೋಡುವ ಅಧಿಕಾರ ನಮಗಿಲ್ಲ.

ಅಳತೆಗೆ ಸಿಗದದ್ದು

ಅಳತೆಯ ಸತ್ಯಕ್ಕೂ ಒಂದು ಮಿತಿಯಿದೆ. ಐರ್ಲೆಂಡಿನ ಪಶ್ಚಿಮದಲ್ಲಿ ಅಕಿಲ್ ಎಂಬ ದ್ವೀಪವಿದೆ. ಅಲ್ಲಿನ ಬಡವರು ಪ್ರತಿ ವರ್ಷ ಸ್ಕಾಟ್ಲೆಂಡಿಗೆ ಹೋಗಿ ಆಲೂಗಡ್ಡೆ ಅಗೆಯುವ ಕೂಲಿ ಮಾಡುತ್ತಿದ್ದರು. 1894ರ ಜೂನ್‌ನಲ್ಲಿ ಹಡಗು ಹತ್ತಲು ಹೊರಟ ಅವರ ದೋಣಿ ಕ್ಲೂ ಕೊಲ್ಲಿಯಲ್ಲಿ ಮಗುಚಿ 30ಕ್ಕೂ ಹೆಚ್ಚು ಮಂದಿ ಮುಳುಗಿದರು. ಆ ಕಡೆಗೆ ರೈಲುಮಾರ್ಗ ಆಗಷ್ಟೇ ಸಿದ್ಧವಾಗುತ್ತಿತ್ತು. ವಿಧ್ಯುಕ್ತವಾಗಿ ತೆರೆಯುವ ಮೊದಲೇ ಅದರ ಮೇಲೆ ಬಂದ ರೈಲು ಆ ಶವಪೆಟ್ಟಿಗೆಗಳನ್ನು ಹೊತ್ತು ತಂದಿತು. 1937ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಕರ್ಕಿನ್‌ಟಿಲಾಕ್‌ನಲ್ಲಿ ಕೂಲಿಗಳು ಮಲಗಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದು ಅಕಿಲ್‌ನ ಹತ್ತು ಮಂದಿ ಹುಡುಗರು ಸತ್ತರು. ಅವರ ದೇಹಗಳೂ ಅದೇ ಹಳಿಯ ಮೇಲೆ ಊರು ಸೇರಿದವು. ಅದೇ ತಿಂಗಳ ಕೊನೆಗೆ ಆ ಮಾರ್ಗ ಶಾಶ್ವತವಾಗಿ ಮುಚ್ಚಿತು.

ಆ ಬೋಗಿಯ ಉದ್ದ, ಅಗಲ, ಬಣ್ಣ, ಚಕ್ರದ ಕಡ್ಡಿಗಳ ಸಂಖ್ಯೆ, ಎಲ್ಲವನ್ನೂ ನಾವು ಸರಿಯಾಗಿ ಮಾಡಬಹುದು. ಅದು ಹೊತ್ತು ತಂದ ದುಃಖವನ್ನು ಯಾವ ಪ್ರಮಾಣದಲ್ಲಿ ಕಿರಿದುಗೊಳಿಸೋಣ? ಮಾದರಿಯ ರೈಲು ಎಂದಿಗೂ ಬೆಳಗಿನ ಬಿಸಿಲಿನಲ್ಲಿ ಚೊಕ್ಕಟವಾಗಿ ಓಡುತ್ತದೆ. ಗತಕಾಲವೆಲ್ಲ ಸುಂದರವಾಗಿತ್ತೆಂಬ ಭ್ರಮೆಯನ್ನು ಸುಲಭವಾಗಿ ಹುಟ್ಟಿಸುತ್ತದೆ. ಅಳತೆಯಲ್ಲಿ ತಪ್ಪದ ಕೈ ನೆನಪಿನಲ್ಲಿಯೂ ತಪ್ಪಬಾರದು. ಅಕಿಲ್ ಮಾರ್ಗದ ಬೋಗಿಯನ್ನು ಮಾಡುವವನು ಅದರ ಕಥೆಯನ್ನು ತನ್ನ ಮಕ್ಕಳಿಗೆ ಹೇಳಿದರೆ, ಆಗ ಮಾತ್ರ ಅದು ಪೂರ್ಣವಾದೀತು.

ಕೊನೆಯದಾಗಿ

ಡಬ್ಲಿನ್ನಿನಲ್ಲಿ ಸಿರಿಲ್ ಫ್ರೈ ಎಂಬ ರೈಲ್ವೆ ಎಂಜಿನಿಯರ್ ಮತ್ತು ನಕ್ಷೆಗಾರ ಇದ್ದರು. 1920 ಮತ್ತು 30ರ ದಶಕಗಳಲ್ಲಿ ಅವರು ಐರಿಷ್ ಎಂಜಿನ್‌ಗಳನ್ನೂ ಬೋಗಿಗಳನ್ನೂ ಕೈಯಿಂದಲೇ ಕಿರಿದಾಗಿ ನಿರ್ಮಿಸಿದರು. ಹಗಲೆಲ್ಲ ನಿಜವಾದ ರೈಲಿನ ಕೆಲಸ ಮಾಡಿ ಸಂಜೆ ಅದನ್ನೇ ಪುಟ್ಟದಾಗಿ ಮಾಡುವ ಆಸೆ ಅವರದು. ಅವರ ಕಾಲಾನಂತರ ಆ ಸಂಗ್ರಹ ಮ್ಯಾಲಹೈಡ್ ಕೋಟೆಯಲ್ಲಿ ಜನರಿಗೆ ನೋಡಸಿಕ್ಕಿತು. 2020ರಲ್ಲಿ ಅದೇ ಊರಿನ ಮ್ಯೂಸಿಯಮಿನಲ್ಲಿ ಮತ್ತೆ ನೆಲೆ ಕಂಡಿತು. ಯಾರಿಗೂ ಕಾಣದೆ ನಡೆದ ದುಡಿಮೆ ಎಂದೋ ಒಂದು ದಿನ ಎಲ್ಲರ ಸೊತ್ತಾಯಿತು. ಆದರೆ ಹಾಗಾಗದೆ ಹೋಗಿದ್ದರೂ ಆ ದುಡಿಮೆ ವ್ಯರ್ಥವಾಗುತ್ತಿರಲಿಲ್ಲ.

ನಮ್ಮಲ್ಲಿ ಬಹುಮಂದಿ ರೈಲಿನ ಮಾದರಿ ಮಾಡುವವರಲ್ಲ. ಆದರೆ ನಮ್ಮೆಲ್ಲರ ಬದುಕಿಗೂ ಒಂದು ಅಡಿಭಾಗವಿದೆ. ದರ್ಜಿಗೆ ಅದು ಬಟ್ಟೆಯ ಒಳಹೊಲಿಗೆ. ಗಾರೆ ಕೆಲಸದವನಿಗೆ ಮಣ್ಣಿನಲ್ಲಿ ಮುಚ್ಚಿಹೋಗುವ ತಳಪಾಯ. ಗುಮಾಸ್ತನಿಗೆ ಯಾರೂ ತಿರುವಿ ನೋಡದ ಲೆಕ್ಕದ ಪುಟ. ದಾದಿಗೆ ರಾತ್ರಿ ಪಾಳಿಯ ಮೂರನೆಯ ಗಂಟೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಎಲ್ಲರಿಗೂ ಗೊತ್ತು. ಅದನ್ನು ಇನ್ನೊಬ್ಬರಿಗೆ ಹೇಳುವುದು ನಮ್ಮ ರೂಢಿ. ಈ ವಾರ ಒಂದು ಸಂಜೆ, ಯಾರೂ ಇಲ್ಲದ ಹೊತ್ತಿನಲ್ಲಿ, ನಮ್ಮದೇ ಗಾಡಿಯನ್ನು ಮಗುಚಿ ನೋಡೋಣ. ಕೊಂಡಿ ಕಳಚಿದರೆ ಹಿಡಿಯುವ ಬ್ರೇಕು ಅಲ್ಲಿದೆಯೇ, ಅಥವಾ ನಾಲ್ಕು ಕಲ್ಲುಗಳನ್ನು ಮಾತ್ರ ಇಟ್ಟಿದ್ದೇವೆಯೇ?

ಮೇಜಿನ ಮುಂದಿನ ಆ ಮನುಷ್ಯ ಈಗ ಬೋಗಿಯನ್ನು ಹಳಿಯ ಮೇಲೆ ಇಟ್ಟಿದ್ದಾನೆ. ಕೊಳವೆ ಕಾಣುತ್ತಿಲ್ಲ. ಅದು ಅಲ್ಲಿದೆ ಎಂಬುದು ಅವನಿಗೆ ಗೊತ್ತು.